ಮೊತ್ತದ ಲೆಕ್ಕವಿದೆ, ಮೊಣಕಾಲಿನ ಲೆಕ್ಕವಿಲ್ಲ

ಸಾರ್ವಜನಿಕ ಹಣದಲ್ಲಿ ಮೊಣಕಾಲಿನ ಕೀಲು ಬದಲಾಯಿಸಿಕೊಂಡವರು ಆರು ತಿಂಗಳ ನಂತರ ಹೇಗಿದ್ದಾರೆ? ಇದಕ್ಕೆ ಉತ್ತರ ಹೇಳಬಲ್ಲ ದಾಖಲೆ ನಾಗರಿಕರ ಮುಂದಿಲ್ಲ. ಆರೋಗ್ಯ ವಿಮಾ ಯೋಜನೆಗಳ ಪ್ರಕಟಣೆಗಳಲ್ಲಿ ಎದ್ದು ಕಾಣುವುದು ವಿತರಿಸಿದ ಕಾರ್ಡುಗಳು, ನಡೆದ ಶಸ್ತ್ರಚಿಕಿತ್ಸೆಗಳು, ಪಾವತಿಯಾದ ಕೋಟಿಗಳು. ಚಿಕಿತ್ಸೆಯ ಫಲವನ್ನು ರೋಗಿಯಿಂದಲೇ ಕೇಳಿ ತಿಳಿಯುವ ಪರಿಪಾಠ ಬೆಳೆದಿಲ್ಲ.

ಬೆಲೆಯ ವಿಷಯದಲ್ಲಿ ಸರ್ಕಾರ ಕೈಕಟ್ಟಿ ಕುಳಿತಿಲ್ಲ ಎಂಬುದನ್ನು ಒಪ್ಪಬೇಕು. 2017ರ ಆಗಸ್ಟ್‌ನಲ್ಲಿ ಕೇಂದ್ರವು ಕೃತಕ ಮೊಣಕಾಲಿಗೆ ಗರಿಷ್ಠ ದರ ನಿಗದಿಪಡಿಸಿತು. ಹೆಚ್ಚು ಬಳಕೆಯಲ್ಲಿದ್ದ ಕೋಬಾಲ್ಟ್-ಕ್ರೋಮಿಯಂ ಕೀಲಿನ ದರ, ತೆರಿಗೆ ಹೊರತು, ₹54,720ಕ್ಕೆ ಇಳಿಯಿತು. ಲೋಹಕ್ಕೆ ಇಷ್ಟು ಕರಾರುವಾಕ್ಕಾಗಿ ಬೆಲೆ ಕಟ್ಟಿದ ವ್ಯವಸ್ಥೆ, ಅದನ್ನು ಹೊತ್ತು ಮನೆಗೆ ಹೋದವರ ನಡಿಗೆಯನ್ನು ವಿಚಾರಿಸಲಿಲ್ಲ.

ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆ 2009ರ ಏಪ್ರಿಲ್‌ನಿಂದ ಈ ಕೆಲಸ ಮಾಡುತ್ತಿದೆ. ಶಸ್ತ್ರಚಿಕಿತ್ಸೆಗೆ ಮುನ್ನ ಒಮ್ಮೆ, ಆರು ತಿಂಗಳ ಬಳಿಕ ಮತ್ತೊಮ್ಮೆ ರೋಗಿಗಳೇ ಪ್ರಶ್ನಾವಳಿ ತುಂಬುತ್ತಾರೆ, ಫಲಿತಾಂಶ ಪ್ರಕಟವಾಗುತ್ತದೆ.

ಆ ಪ್ರಶ್ನಾವಳಿಯನ್ನು ಹಾಗೆಯೇ ಇಲ್ಲಿಗೆ ತಂದರೆ ಸಾಲದು. ಅಲ್ಲಿ ಬಳಸುವ, 1998ರ ಆಕ್ಸ್‌ಫರ್ಡ್ ಮೊಣಕಾಲು ಅಂಕಪಟ್ಟಿಯ 12 ಪ್ರಶ್ನೆಗಳಲ್ಲಿ ಒಂದು, ಊಟ ಮುಗಿಸಿ ಕುರ್ಚಿಯಿಂದ ಏಳುವಾಗ ಎಷ್ಟು ನೋವಾಗುತ್ತದೆ ಎಂಬುದು. ಮೇಜಿನ ಮುಂದೆ ಉಣ್ಣುವವರಿಗೆ ಅದು ಸರಿ. ಮಂಡಿಯೂರಿ ಏಳುವ ಬಗ್ಗೆಯೂ ಪ್ರಶ್ನೆಯುಂಟು. ಆದರೆ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವ, ಕುಕ್ಕರಗಾಲಲ್ಲಿ ಕುಳಿತು ಕಳೆ ಕೀಳುವ, ಹಿತ್ತಿಲ ಶೌಚಾಲಯದಲ್ಲಿ ಕುಳಿತೇಳುವ ಹೆಣ್ಣುಮಗಳ ಕಷ್ಟ ಅದರಲ್ಲಿಲ್ಲ.

ಕೀಲು ಬದಲಾದ ಮೇಲೆ ನೆಲದ ಮೇಲೆ ಕೂರಬೇಡಿ ಎಂದೇ ಅನೇಕ ವೈದ್ಯರು ಹೇಳುತ್ತಾರೆ. ರಾತ್ರಿ ನೋವಿಲ್ಲದೆ ನಿದ್ದೆ ಬಂದರೆ ಸಾಕೆನ್ನುವವರಿಗೆ ಇದು ಸಣ್ಣ ತ್ಯಾಗ. ಹೊಲದ ಕೂಲಿಯನ್ನೇ ನಂಬಿದವರಿಗೆ ಅನ್ನವೇ ಹೋದಂತೆ. ನೋವು ತಗ್ಗುವುದಕ್ಕೆ ಪ್ರತಿಯಾಗಿ ಯಾರು ಏನನ್ನು ಬಿಟ್ಟುಕೊಡಲು ಸಿದ್ಧರಿದ್ದಾರೆ ಎಂಬುದನ್ನು ರೋಗಿಯ ಆದ್ಯತೆಗಳ ಅಧ್ಯಯನ ಅಳೆಯುತ್ತದೆ. ಫಲಿತಾಂಶದ ಅಂಕಗಳಿಗೆ ಈ ತೂಕ ಸೇರದಿದ್ದರೆ, ಸರಾಸರಿಯಲ್ಲಿ ಇಬ್ಬರೂ ‘ಯಶಸ್ವಿ ಪ್ರಕರಣ’ಗಳೇ.

ಇದು ಕೇವಲ ತರ್ಕವಲ್ಲ. ಕೆನಡಾದ ಒಂಟಾರಿಯೊದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊಣಕಾಲು ಕೀಲು ಬದಲಾಯಿಸಿಕೊಂಡ ಐವರಲ್ಲಿ ಸರಿಸುಮಾರು ಒಬ್ಬರಿಗೆ ತೃಪ್ತಿಯಿರಲಿಲ್ಲ. ಅತೃಪ್ತಿಯೊಡನೆ ಅತ್ಯಂತ ನಿಕಟವಾಗಿ ತಳಕು ಹಾಕಿಕೊಂಡಿದ್ದುದು ಈಡೇರದ ನಿರೀಕ್ಷೆ. ಆ ನಿರೀಕ್ಷೆಯನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳುವ ಅಂಕಣವೇ ನಮ್ಮ ಅರ್ಜಿಗಳಲ್ಲಿ ಇಲ್ಲದಿದ್ದರೆ, ಚಿಕಿತ್ಸೆಗೆ ರೋಗಿ ಕೊಡುವ ಒಪ್ಪಿಗೆ ಬರಿಯ ಸಹಿಯಾಗಿ ಉಳಿಯುತ್ತದೆ.

ಸಾಧನಗಳಿಲ್ಲ ಎಂಬ ನೆಪವೂ ಈಗ ನಡೆಯದು. ಆರೋಗ್ಯ ತಂತ್ರಜ್ಞಾನಗಳ ಮೌಲ್ಯಮಾಪನಕ್ಕೆ ಕೇಂದ್ರವು 2017ರಲ್ಲೇ ಪ್ರತ್ಯೇಕ ವ್ಯವಸ್ಥೆ ರೂಪಿಸಿದೆ. ಆರೋಗ್ಯದ ಸ್ಥಿತಿಗಳಿಗೆ ಭಾರತೀಯರು ತಾವೇ ಕೊಡುವ ಮೌಲ್ಯವನ್ನು ಆಧರಿಸಿದ ಇಕ್ಯೂ-5ಡಿ ಅಂಕಪಟ್ಟಿ 2022ರಲ್ಲಿ ಪ್ರಕಟವಾಗಿದೆ.

ಹೊಣೆ ಸ್ಪಷ್ಟವಾಗಿದೆ. ರಾಜ್ಯದ ಆರೋಗ್ಯ ವಿಮಾ ಯೋಜನೆಗಳನ್ನು ನಿರ್ವಹಿಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್, ಶಸ್ತ್ರಚಿಕಿತ್ಸೆಗೆ ಪೂರ್ವಾನುಮತಿ ನೀಡುವಾಗಲೇ ರೋಗಿ ಮರಳಿ ಮಾಡಬಯಸುವ ಕೆಲಸಗಳನ್ನು ಕನ್ನಡದಲ್ಲಿ ದಾಖಲಿಸಬೇಕು. ಆರು ತಿಂಗಳ ಬಳಿಕ, ಆಸ್ಪತ್ರೆಗೆ ಸಂಬಂಧಪಡದವರು ಅದೇ ಪಟ್ಟಿ ಹಿಡಿದು ವಿಚಾರಿಸಬೇಕು. ಈ ಕೆಲಸವನ್ನು ಆಶಾ ಕಾರ್ಯಕರ್ತೆಯರಿಗೆ ವಹಿಸುವುದಾದರೆ ಪ್ರತ್ಯೇಕ ಗೌರವಧನವನ್ನೂ ಕೊಡಬೇಕು. ಬಿಟ್ಟಿ ದುಡಿಮೆಯ ಮೇಲೆ ಇನ್ನೊಂದು ಯೋಜನೆ ಬೇಡ. ಆಸ್ಪತ್ರೆವಾರು ಫಲಿತಾಂಶ ಪ್ರಕಟಿಸುವ ವೇಳಾಪಟ್ಟಿಯನ್ನು ಆರೋಗ್ಯ ಸಚಿವರು ಮುಂದಿನ ಬಜೆಟ್ ಅಧಿವೇಶನದಲ್ಲಿ ಸದನದ ಮುಂದಿಡಬೇಕು.