ಸೇಬು ಸಾಕು, ದಾಳಿಂಬೆ ಬಿಡಿಸಿ

‘ಸ್ಟಿಲ್ ಲೈಫಾ? ಅದು ಡ್ರಾಯಿಂಗ್ ಕ್ಲಾಸಿನ ಮಕ್ಕಳು ಮಾಡೋದಲ್ವಾ?’ ಎಂದು ಕೇಳುವವರಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಹಾಗೆ ಕೇಳುವವರ ಮನೆಯ ಹಾಲಿನ ಗೋಡೆಯನ್ನು ಒಮ್ಮೆ ನೋಡಿ. ಸೋಫಾದ ಮೇಲ್ಗಡೆ ಆನ್‌ಲೈನಿನಲ್ಲಿ ತರಿಸಿದ ಕ್ಯಾನ್ವಾಸ್ ಪ್ರಿಂಟು. ಅದರಲ್ಲೊಂದು ವೈನ್ ಬಾಟಲಿ, ಒಂದು ಗೊಂಚಲು ದ್ರಾಕ್ಷಿ, ಬೆಳ್ಳಿ ಹೂಜಿ, ಅರ್ಧ ಸುಲಿದ ನಿಂಬೆಹಣ್ಣು. ಕೆಳಗೆ ಊಟದ ಟೇಬಲ್ಲಿನ ಮೇಲೆ ಊರಿಂದ ಅವ್ವ ಕಳಿಸಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ತಿನ್ನೋದು ನಮ್ಮದು, ಗೋಡೆಗೆ ಹಾಕೋದು ಇನ್ಯಾರದೋ ಊಟ!

ಚಿತ್ರ ವಿದೇಶದ್ದು ಅನ್ನೋದು ನನ್ನ ತಕರಾರಲ್ಲ. ಒಳ್ಳೆಯ ಚಿತ್ರ ಯಾವ ದೇಶದ್ದಾದರೂ ಇರಲಿ. ನನ್ನ ತಕರಾರಿರೋದು, ನಮ್ಮ ಮನೆಯ ವಸ್ತು ಚಿತ್ರಕ್ಕೆ ಲಾಯಕ್ಕಿಲ್ಲ ಎಂದು ನಾವು ಒಳಗೊಳಗೇ ತೀರ್ಮಾನ ಮಾಡಿಬಿಟ್ಟಿದ್ದೇವಲ್ಲ, ಅದರ ಬಗ್ಗೆ. ಈ ತೀರ್ಮಾನದಿಂದ ಹೊಟ್ಟೆಗೆ ಪೆಟ್ಟು ತಿಂತಿರೋರು ನಮ್ಮ ಕೊಪ್ಪಳ ಸೀಮೆಯಲ್ಲೇ ಇದ್ದಾರೆ.

ಮೊದಲು ಹೆಸರಿಗೆ ಬರೋಣ. ಡಚ್ಚರು ಇದನ್ನು ‘ಸ್ಟಿಲ್‌ಲೇವನ್’ ಅಂದರು, ಅಲುಗದ ಬದುಕು. ಫ್ರೆಂಚರು ‘ನಾತ್ಯೂರ್ ಮೋರ್ತ್’ ಅಂದರು, ಸತ್ತ ಪ್ರಕೃತಿ. ನಾವು ಕೆಲವೊಮ್ಮೆ ವಸ್ತುಚಿತ್ರ ಅನ್ನುತ್ತೇವೆ, ಕೆಲವೊಮ್ಮೆ ಜಡವಸ್ತು ಚಿತ್ರ. ಜಡ! ಆಯುಧಪೂಜೆಯ ದಿನ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚುವ ಇಂಜಿನಿಯರುಗಳು ನಾವು. ಮಣ್ಣೆತ್ತಿನ ಅಮಾವಾಸ್ಯೆಗೆ ಅಂಗೈಯಷ್ಟು ಮಣ್ಣಿನ ಎತ್ತು ತಂದು, ಅದಕ್ಕೆ ನೈವೇದ್ಯ ಹಿಡಿದು, ಆಮೇಲೆ ನಾವು ಊಟ ಮಾಡುವ ನಾಡು ನಮ್ಮದು. ವಸ್ತುವಿನೊಳಗೊಂದು ಜೀವ ಇದೆ ಅಂತ ನಂಬಿದವರೇ ಅದರ ಚಿತ್ರವನ್ನು ಜಡ ಅನ್ನೋದು ಎಂಥ ಚೋದ್ಯ ನೋಡ್ರಿ.

ಕೀಳರಿಮೆ ಎಲ್ಲಿಂದ ಬಂತು ಅನ್ನೋದಕ್ಕೆ ದಾಖಲೆ ಇದೆ. 1667ರಲ್ಲಿ ಆಂದ್ರೆ ಫೆಲಿಬಿಯಾನ್ ಎಂಬಾತ ಪ್ಯಾರಿಸ್ಸಿನ ರಾಜ ಅಕಾಡೆಮಿಯಲ್ಲಿ ಚಿತ್ರಕಲೆಗೊಂದು ಏಣಿ ಕಟ್ಟಿದ. ಮೇಲಿನ ಮೆಟ್ಟಿಲಲ್ಲಿ ಪುರಾಣ, ಇತಿಹಾಸ. ನಂತರ ಮನುಷ್ಯರ ಭಾವಚಿತ್ರ, ಪ್ರಾಣಿ, ನಿಸರ್ಗ. ಕಟ್ಟಕಡೆಗೆ ಹಣ್ಣು, ಹೂವು, ಪಾತ್ರೆ. 1728ರಲ್ಲಿ ಅದೇ ಅಕಾಡೆಮಿ ಶಾರ್ದಾನ್ ಎಂಬ ಕಲಾವಿದನನ್ನು ಒಳಗೆ ಬಿಟ್ಟುಕೊಂಡಿತು, ‘ಪ್ರಾಣಿ ಮತ್ತು ಹಣ್ಣುಗಳ ಚಿತ್ರಕಾರ’ ಎಂಬ ಹಣೆಪಟ್ಟಿ ಹಚ್ಚಿ. ಈಗ ನೋಡಿ, 2022ರಲ್ಲಿ ಆತ ಬರೆದ ಒಂದು ಬುಟ್ಟಿ ಕಾಡು ಸ್ಟ್ರಾಬೆರಿಯ ಚಿತ್ರ 2 ಕೋಟಿ 40 ಲಕ್ಷ ಯೂರೋ ಮೀರಿ ಹರಾಜಾಯಿತು. ಚಿತ್ರ ಅಮೆರಿಕಕ್ಕೆ ಹೊರಟಿತ್ತು. ಫ್ರಾನ್ಸ್ ಸರ್ಕಾರ ಅದನ್ನು ರಾಷ್ಟ್ರೀಯ ನಿಧಿ ಎಂದು ಘೋಷಿಸಿ ತಡೆಯಿತು. ಲೂವ್ರ್ ಮ್ಯೂಸಿಯಂ ಜನರ ಮುಂದೆ ಜೋಳಿಗೆ ಹಿಡಿಯಿತು, ಸಾವಿರಾರು ಮಂದಿ ಕೈಲಾದಷ್ಟು ಹಾಕಿದರು, ಚಿತ್ರ ದೇಶದಲ್ಲೇ ಉಳಿಯಿತು. ಏಣಿ ಕಟ್ಟಿದವರೇ ಅದನ್ನು ಮುರಿದು ಒಲೆಗೆ ಹಾಕಿದ್ದಾರೆ. ನಾವಿನ್ನೂ ಅದರ ಕೆಳಗೆ ಕೈಕಟ್ಟಿ ನಿಂತಿದ್ದೇವೆ.

ಈಗ ಕಿನ್ನಾಳಕ್ಕೆ ಬನ್ನಿ. ಕೊಪ್ಪಳದಿಂದ ಅರ್ಧ ತಾಸಿನ ದಾರಿ. ವೀಕೆಂಡಿಗೆ ಹಂಪಿ, ಆನೆಗೊಂದಿ ಅಂತ ಓಡಾಡುವ ನೀವು ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ಕತ್ತೆತ್ತಿ ಸೂರಿನ ಚಿತ್ರಗಳ ಫೋಟೋ ಹೊಡೆದಿರುತ್ತೀರಿ. ಆ ಚಿತ್ರಗಳನ್ನು ಬರೆದವರು ಕಿನ್ನಾಳದ ಚಿತ್ರಗಾರರ ಪೂರ್ವಜರೇ ಎಂಬ ಮಾತಿದೆ. ಆ ವಂಶದವರು ಇವತ್ತೂ ಕೆಲಸ ಮಾಡುತ್ತಿದ್ದಾರೆ. ಹಗುರ ಮರವನ್ನು ಕೆತ್ತಿ, ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ನೆನೆಸಿ, ಒಣಗಿಸಿ, ಪುಡಿ ಮಾಡಿದ ಸೆಣಬಿನ ಚಿಂದಿಗೆ ಮರದ ಹೊಟ್ಟು, ಅದೇ ಅಂಟು ಬೆರೆಸಿ ‘ಕಿಟ್ಟ’ ಮಾಡುತ್ತಾರೆ. ಮೈಗೆಲ್ಲ ಕಿಟ್ಟ ಬಳಿದು, ಮೇಲೆ ಹತ್ತಿಬಟ್ಟೆಯ ಚೂರು ಅಂಟಿಸಿ, ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ ಕೊಟ್ಟ ಮೇಲಷ್ಟೇ ಬಣ್ಣ. ಒಡವೆಗಳು ಉಬ್ಬಿ ಕಾಣಲು ಮತ್ತೊಂದು ಲೇಪ. ಒಂದು ಗರುಡನಿಗೆ 12 ಬಿಡಿಭಾಗ, ಸಿಂಹಾಸನದ ಮೇಲೆ ಕೂತ ಗಣಪನಿಗೆ 22. ನಮ್ಮ ಎಷ್ಟೋ ಸಾಫ್ಟ್‌ವೇರ್ ಪ್ರಾಜೆಕ್ಟುಗಳಲ್ಲಿ ಇಷ್ಟು ಅಚ್ಚುಕಟ್ಟಾದ ಆರ್ಕಿಟೆಕ್ಚರ್ ಇರಲ್ಲ, ಬಿಡಿ.

ಹಿಂದೆ ಇವರು ಬೇರೆಬೇರೆ ಕಸುಬಿನಲ್ಲಿ ತೊಡಗಿದ ಜನರ ಗೊಂಬೆಗಳನ್ನು ಮಾಡುತ್ತಿದ್ದರು, ಅವಕ್ಕೇ ಬೇಡಿಕೆ ಇತ್ತು. ಅಂದರೆ ಪಕ್ಕದ ಮನೆಯ ದುಡಿಮೆಯನ್ನು ಕಣ್ಣಿಟ್ಟು ನೋಡಿ, ಆ ಭಂಗಿಯಲ್ಲೇ ಅದನ್ನು ನಿಲ್ಲಿಸುತ್ತಿದ್ದರು. ಅಲುಗದ ಬದುಕು ಅಂದರೆ ಮತ್ತೇನು? ಆಮೇಲೆ ಕೊಳ್ಳುವವರ ರುಚಿ ಬದಲಾಯಿತು, ದೇವರು, ಪ್ರಾಣಿ, ಪಕ್ಷಿ ಉಳಿದವು. ದುಡಿಯುವವನ ಗೊಂಬೆ ನಮಗೆ ಬೇಡವಾಯಿತು.

‘ಗೊಂಬೆ ಕ್ರಾಫ್ಟು, ಅದನ್ನು ಚಿತ್ರಕಲೆಗೆ ಯಾಕೆ ತಳುಕು ಹಾಕ್ತೀಯಾ?’ ಅಂತ ಕೇಳಬಹುದು. ಕ್ರಾಫ್ಟು ಕೆಳಗೆ, ಆರ್ಟು ಮೇಲೆ ಅನ್ನೋದೂ ಆ 1667ರ ಏಣಿಯ ಅಣ್ಣತಮ್ಮನೇ. ಹೆಸರಿನಲ್ಲೇ ಚಿತ್ರ ಇಟ್ಟುಕೊಂಡವರು ಚಿತ್ರಗಾರರು. ಅವರನ್ನು ಗೊಂಬೆ ಮಾಡೋರು ಅಂತ ಕರೆದದ್ದು ಚೌಕಾಸಿಗೆ ಅನುಕೂಲ ಅಂತ. ಗ್ಯಾಲರಿಯಲ್ಲಿ ಬೆಲೆಯ ಚೀಟಿ ನೋಡಿ ತುಟಿ ಬಿಚ್ಚದವರು ಮೇಳದಲ್ಲಿ ಕಿನ್ನಾಳದ ಕಾಮಧೇನು ಎತ್ತಿಕೊಂಡು ‘ಫೈನಲ್ ಎಷ್ಟಕ್ಕೆ ಕೊಡ್ತೀರಿ?’ ಅನ್ನುತ್ತಾರೆ. ಕಲೆ ಅಂದರೆ ಬೆಲೆ ಕೇಳಲ್ಲ, ಆಟಿಕೆ ಅಂದರೆ ಅರ್ಧಕ್ಕೆ ಕೇಳ್ತಾರೆ. ಒಂದು ಪದದ ವ್ಯತ್ಯಾಸಕ್ಕೆ ಒಂದು ಮನೆಯ ತಿಂಗಳ ಸಂತೆ ಹೋಗುತ್ತದೆ.

ಕಿನ್ನಾಳ ಕಲೆಗೆ ಜಿಐ ಟ್ಯಾಗ್ ಇದೆ. ಒಳ್ಳೆಯದೇ. ಆದರೆ ಜಿಐ ಕಾಯೋದು ಹೆಸರನ್ನು. ಬೇರೆಯವರು ಆ ಹೆಸರಲ್ಲಿ ಮಾರದಂತೆ ತಡೆಯುತ್ತದೆ, ಕೊಳ್ಳುವವನನ್ನು ಅದು ಕರೆತರುವುದಿಲ್ಲ. 2020ರಲ್ಲಿ ಇದೇ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್ ಘೋಷಣೆಯಾಯಿತು. ಕಾರ್ಖಾನೆ ಬೇಕು, ನಮ್ಮ ಹುಡುಗ ಹುಡುಗಿಯರಿಗೆ ಕೆಲಸ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಚ್ಚಿನಲ್ಲಿ ಒತ್ತಿ ತೆಗೆಯುವ ಆಟಿಕೆಯನ್ನೂ ಕಿನ್ನಾಳದ ಕೈಕೆಲಸವನ್ನೂ ಒಂದೇ ಮಾತಿನಲ್ಲಿ ‘ಕೊಪ್ಪಳದ ಆಟಿಕೆ ಪರಂಪರೆ’ ಎಂದು ಯಾರಾದರೂ ಕಟ್ಟಿದರೆ, ಅದು ಉಪಕಾರವಲ್ಲ. ಕಂಪ್ಯೂಟರ್ ಫಾಂಟನ್ನೂ ಅಜ್ಜನ ಕೈಬರಹವನ್ನೂ ಒಂದೇ ತಕ್ಕಡಿಗೆ ಹಾಕಿದ ಹಾಗೆ.

ಇನ್ನು ಚಿತ್ರ ಕಲಿಯುವ ಮಕ್ಕಳ ಕಥೆ. ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಅಭ್ಯಾಸ ಮಾಡುವ ಮಗುವಿನ ಮುಂದೆ ಒಂದು ಚೊಂಬು, ಒಂದು ಡಬ್ಬಿ, ಒಂದು ಸೇಬು. ಸೇಬೇ ಯಾಕ್ರಿ? ಕುಷ್ಟಗಿ, ಯಲಬುರ್ಗಾ ಕಡೆ ಸೇಬಿನ ತೋಟ ಎಲ್ಲಿದೆ? ಅಲ್ಲಿರೋದು ದಾಳಿಂಬೆ. ದುಂಡಾಣು ಅಂಗಮಾರಿ ಬಂದ ದಾಳಿಂಬೆಯ ಮೇಲೆ ಕಪ್ಪು ಚುಕ್ಕೆ ಏಳುತ್ತದೆ, ಹಣ್ಣು ಸೀಳುತ್ತದೆ. ಹದಿನೇಳನೇ ಶತಮಾನದ ಡಚ್ ಕಲಾವಿದರು ಹಣ್ಣಿನಲ್ಲಿ ಹುಳದ ತೂತು, ಅಂಚಿನಲ್ಲೊಂದು ನೊಣ ಬರೆದು ‘ಎಲ್ಲವೂ ಕೊಳೆಯುವಂಥದ್ದೇ’ ಎಂದು ಶ್ರೀಮಂತರಿಗೆ ನೆನಪಿಸುತ್ತಿದ್ದರು. ಕುಷ್ಟಗಿಯ ರೈತನಿಗೆ ಅದನ್ನು ನೆನಪಿಸಬೇಕಿಲ್ಲ. ಆ ಚುಕ್ಕೆ ಅಂದರೆ ಬ್ಯಾಂಕಿನ ಸಾಲ, ಮುಂದೆ ಹೋದ ಮಗಳ ಮದುವೆ. ಅದೇ ಊರಿನ ಹುಡುಗಿ ಚುಕ್ಕೆ ಬಿದ್ದ ಒಂದು ದಾಳಿಂಬೆಯನ್ನು ನೆಟ್ಟ ಕಣ್ಣಿಂದ ನೋಡಿ ಬಿಡಿಸಿದರೆ, ಅದು ಡ್ರಾಯಿಂಗ್ ಕ್ಲಾಸಿನ ಅಭ್ಯಾಸ ಅಂತ ಅನ್ನೋ ಧೈರ್ಯ ನಿಮಗಿದೆಯೇ? ಗಂಗಾವತಿಯ ಭತ್ತ ಅಳೆಯುವ ಸೇರು, ಹೊಲದ ಬದುವಿನ ಮೇಲಿಟ್ಟ ಬುತ್ತಿಗಂಟು, ಕರಿ ಹಿಡಿದ ರೊಟ್ಟಿ ಹಂಚು ಇವಕ್ಕೂ ಇದೇ ಮಾತು.

‘ಎಐ ಎರಡು ಸೆಕೆಂಡಲ್ಲಿ ಮಾಡಿಕೊಡುತ್ತೆ’ ಅನ್ನುವ ನನ್ನ ವೃತ್ತಿಬಾಂಧವರಿಗೊಂದು ಮಾತು. ಸುಮ್ಮನೆ ‘ಸ್ಟಿಲ್ ಲೈಫ್’ ಎಂದು ಟೈಪ್ ಮಾಡಿ ನೋಡಿ. ಬಹುಪಾಲು ಸಲ ಅದೇ ದ್ರಾಕ್ಷಿ, ಅದೇ ಹೂಜಿ, ಅದೇ ಕಂದು ಬೆಳಕು. ತಪ್ಪು ಯಂತ್ರದ್ದಲ್ಲ. ತುಂಬಿದ್ದನ್ನೇ ಅದು ಕಕ್ಕುತ್ತದೆ. ನಾವು ನಮ್ಮ ಹಂಚು, ಸೇರು, ಬುತ್ತಿಗಂಟನ್ನು ಬರೆದು ಇಡದಿದ್ದರೆ ಅದಕ್ಕೆ ಎಲ್ಲಿಂದ ಗೊತ್ತಾಗಬೇಕು? ನೋಡದೇ ಬಿಟ್ಟ ವಸ್ತು ಡೇಟಾದಲ್ಲೂ ಇರಲ್ಲ, ನಾಳೆ ನೆನಪಿನಲ್ಲೂ ಇರಲ್ಲ.

ಏನು ಮಾಡಬೇಕು? ದೊಡ್ಡದೇನೂ ಬೇಡ. ಗೋಡೆಯ ಮೇಲಿನ ದ್ರಾಕ್ಷಿ ಇಳಿಸಿ. ಕೊಪ್ಪಳ, ಗಂಗಾವತಿ ಕಡೆಯ ಒಬ್ಬ ಕಲಾವಿದರನ್ನು ಹುಡುಕಿ, ನಿಮ್ಮ ಅವ್ವನ ಅಡುಗೆಮನೆಯ ಮೂರು ವಸ್ತು ಅವರ ಮುಂದಿಟ್ಟು, ಚಿತ್ರ ಬರೆಸಿ. ದೀಪಾವಳಿಗೆ ಆಫೀಸಿನಲ್ಲಿ ಡ್ರೈಫ್ರೂಟ್ಸ್ ಡಬ್ಬಿ ಹಂಚುವ ಬದಲು ಕಿನ್ನಾಳಕ್ಕೆ ಆರು ತಿಂಗಳು ಮುಂಚೆ ಆರ್ಡರು ಕೊಡಿ, ಅರ್ಧ ಹಣ ಮುಂಗಡ ಕೊಡಿ. ಹಣೆಪಟ್ಟಿಯ ಮೇಲೆ ಮಾಡಿದವರ ಹೆಸರು ಬರೆಸಿ. ಚೌಕಾಸಿ ಮಾಡಲೇಬೇಕು ಅನಿಸಿದರೆ ನಿಮ್ಮ ಬಿಲ್ಡರ್ ಹತ್ತಿರ ಮಾಡಿ.

ಇಷ್ಟೂ ಆಗಲ್ಲ ಅಂದರೆ, ಕನಿಷ್ಠ ಇನ್ನೊಂದು ಸಲ ‘ಸ್ಟಿಲ್ ಲೈಫ್ ಬರೀ ಮಕ್ಕಳ ಅಭ್ಯಾಸ’ ಅನ್ನಬೇಡಿ. ಹುಣಸೆ ಬೀಜ ಅರೆಯುತ್ತ ಕೂತವರ ಮನೆಯಲ್ಲಿ ಸಂಜೆ ಒಲೆ ಹೊತ್ತಬೇಕು.