ಮೊಳೆ ಹೇಳುವ ಕಲ್ಲಿನ ಕಥೆ

ಮಕ್ಕಳೇ, ಬ್ಯಾಡಗಿ ಮೆಣಸಿನಕಾಯಿ ಅರೆಯುವ ಒರಳನ್ನು ಮೊಳೆಯಿಂದ ಗೀರಿದರೂ ಗಾಯವಾಗದು. ಅದು ಹೆಚ್ಚಾಗಿ ಗ್ರಾನೈಟ್. ನೆಲದಾಳದಲ್ಲಿ ಕರಗಿದ ಶಿಲೆ ನಿಧಾನವಾಗಿ ಆರಿ ಗಟ್ಟಿಯಾದದ್ದು; ಅದಕ್ಕೇ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ.

ರಾಣೆಬೆನ್ನೂರಿನ ಸುತ್ತ ಸಿಗುವ ಬೂದುಗಲ್ಲಿನ ಹುಟ್ಟೇ ಬೇರೆ. 250 ಕೋಟಿ ವರ್ಷಗಳಿಗೂ ಹಿಂದೆ ಕಡಲತಳದಲ್ಲಿ ಮರಳು, ಕೆಸರು ಪದರಪದರವಾಗಿ ಕೂತು ಕಲ್ಲಾಯಿತು. ಭೂವಿಜ್ಞಾನಿಗಳು ಈ ಶಿಲೆಗಳಿಗೆ ರಾಣೆಬೆನ್ನೂರಿನ ಹೆಸರನ್ನೇ ಇಟ್ಟಿದ್ದಾರೆ!

ಹಾವೇರಿಯ ಸಿದ್ಧೇಶ್ವರ ಗುಡಿ ಬಳಪದ ಕಲ್ಲಿನದು. ಹಳೆಯ ಶಿಲೆ ಭೂಮಿಯೊಳಗಿನ ಶಾಖ, ಒತ್ತಡಕ್ಕೆ ಸಿಕ್ಕಿ ಬದಲಾದಾಗ ಈ ಕಲ್ಲು ಹುಟ್ಟುತ್ತದೆ. ಮೊಳೆ ತಾಗಿದರೆ ಗೆರೆ ಬೀಳುವಷ್ಟು ಮೆದು. ಚಾಲುಕ್ಯರ ಕಾಲದ ಶಿಲ್ಪಿಗಳ ನವಿರು ಕೆತ್ತನೆಗೆ ಒದಗಿದ್ದು ಆ ಮೆದುತನವೇ. ಯಾರೋ ಗೀಚಿದ ಹೆಸರು ಅಳಿಯದೆ ಉಳಿಯುವುದೂ ಅದರಿಂದಲೇ. ಹಾಗಾಗಿ ಮೊಳೆಯ ಪರೀಕ್ಷೆ ಗುಡಿಯ ಗೋಡೆಗೆ ಬೇಡ. ನಿಮ್ಮ ಬಳಪದ ತುಂಡಿನ ಮೇಲೆ ಮಾಡಿ ನೋಡಿ.