ಕಣ್ಣಿಗೂ ಕಿವಿಗೂ ಒಂದೇ ಕಾವ್ಯ

ಹುಣಸೂರಿನ ಕಡೆಯಿಂದ ನಾಗರಹೊಳೆಯ ಅರಣ್ಯಕ್ಕೆ ಹೋಗುವವರಿಗೆ ಕಾಡಿನ ಹೆಬ್ಬಾಗಿಲಿನಂತೆ ಎದುರಾಗುವ ಊರು ವೀರನಹೊಸಹಳ್ಳಿ. ಅಲ್ಲಿಂದ ಮುಂದೆ ಹಬ್ಬಿರುವ ಕಾಡಿಗೆ ಹೆಸರನ್ನು ಕೊಟ್ಟಿರುವುದು ಒಂದು ಹೊಳೆ. ಹಾವಿನಂತೆ ಬಳುಕಿ ಹರಿಯುವ ನೀರನ್ನು ಕಂಡ ಜನ ಅದನ್ನು ‘ನಾಗರಹೊಳೆ’ ಎಂದು ಕರೆದರು. ಆ ಹೆಸರನ್ನು ಕಿವಿ ಕೇಳಿದೊಡನೆ ಮನಸ್ಸಿನ ಕಣ್ಣು ಒಂದು ಗೆರೆಯನ್ನು ಎಳೆಯುತ್ತದೆ. ಮಾತು ಚಿತ್ರವಾಗುವುದೆಂದರೆ ಇದೇ. ಹೀಗೆ ಹೆಸರಿಟ್ಟವರು ಅಲಂಕಾರಶಾಸ್ತ್ರವನ್ನು ಓದಿದವರಾಗಿರಬೇಕಾಗಿಲ್ಲ; ಕಂಡುದನ್ನು ನುಡಿಯಲ್ಲಿ ಹಿಡಿಯಬಲ್ಲವರಾಗಿದ್ದರೆ ಸಾಕು.

ಚಿತ್ರಕಲೆಯನ್ನೂ ಪ್ರಯೋಗಶೀಲ ಸಾಹಿತ್ಯವನ್ನೂ ಬೆಸೆಯುವ ವಿಷಯವನ್ನು ಕುರಿತು ಪಟ್ಟಣಗಳಲ್ಲಿ ಆಗಾಗ ಸಾರ್ವಜನಿಕ ಉಪನ್ಯಾಸಗಳು ನಡೆಯುವುದುಂಟು. ಇದು ಹೊರನಾಡುಗಳಿಂದ ಬಂದ ಹೊಸ ವಿದ್ಯೆ, ಪಂಡಿತರಿಗೂ ಕಲಾವಿದರಿಗೂ ಮೀಸಲಾದುದು ಎಂಬ ಭಾವನೆಯನ್ನು ಹೊತ್ತು ಮನೆಗೆ ಮರಳುವ ಕೇಳುಗರು ಅನೇಕರು. ಈ ಭಾವನೆಗೆ ಆಧಾರವಿಲ್ಲದೆ ಇಲ್ಲ. ಫ್ರೆಂಚ್ ಕವಿ ಅಪೊಲಿನೇರ್ 1918ರಲ್ಲಿ ಪ್ರಕಟಿಸಿದ ‘ಕ್ಯಾಲಿಗ್ರಾಮ್ಸ್’ ಎಂಬ ಸಂಗ್ರಹದಲ್ಲಿ, ಮಳೆಯನ್ನು ಕುರಿತ ಕವಿತೆಯ ಅಕ್ಷರಗಳು ಮಳೆಯ ಹನಿಗಳಂತೆಯೇ ಪುಟದ ಮೇಲಿನಿಂದ ಕೆಳಕ್ಕೆ ಓರೆಯಾಗಿ ಇಳಿಯುತ್ತವೆ. ಮುಂದೆ 1950ರ ದಶಕದಲ್ಲಿ ಬ್ರೆಜಿಲ್, ಸ್ವಿಟ್ಜರ್ಲೆಂಡ್ ಮುಂತಾದ ದೇಶಗಳ ಕವಿಗಳು ಪುಟದ ಮೇಲಿನ ಅಕ್ಷರಗಳ ಜೋಡಣೆಯನ್ನೇ ಕವಿತೆಯ ಶರೀರವನ್ನಾಗಿ ಮಾಡಿಕೊಂಡರು. ಇವು ಗಣನೆಗೆ ಅರ್ಹವಾದ ಸಾಧನೆಗಳು. ಆದರೆ ಇವುಗಳನ್ನೇ ಮೊದಲೆಂದು ತಿಳಿಯುವುದು ಸರಿಯಲ್ಲ.

ಕನ್ನಡದಲ್ಲಿ ಇಂದು ದೊರೆಯುವ ಅತ್ಯಂತ ಹಳೆಯ ಗ್ರಂಥ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’. ಶಬ್ದಾಲಂಕಾರಗಳನ್ನು ವಿವರಿಸುವ ಈ ಲಕ್ಷಣಗ್ರಂಥವು ರಚನೆಗೆ ಕಷ್ಟವಾದ ಚಿತ್ರಕವಿತೆಯ ಬಗೆಗಳನ್ನೂ ಒಳಗೊಂಡಿದೆ. ಚಿತ್ರಕವಿತೆಯೆಂದರೆ ಪದ್ಯದ ಅಕ್ಷರಗಳನ್ನು ಒಂದು ಆಕೃತಿಯಲ್ಲಿ ಅಳವಡಿಸುವ ರಚನೆ. ಪದ್ಮಬಂಧದಲ್ಲಿ ತಾವರೆಯ ನಡುವಿನ ಒಂದೇ ಅಕ್ಷರವು ಎಸಳೆಸಳಿನ ಸಾಲಿಗೂ ಸೇರಿಕೊಳ್ಳುತ್ತದೆ. ನಾಗಬಂಧದಲ್ಲಿ ಹಾವಿನ ಮೈ ತನ್ನನ್ನು ತಾನೇ ಹಾಯುವ ಎಡೆಯ ಅಕ್ಷರವನ್ನು ಎರಡು ಬಾರಿ ಓದಬೇಕಾಗುತ್ತದೆ. ತುರಗಬಂಧದಲ್ಲಿ ಚದುರಂಗದ ಕುದುರೆಯ ನಡೆಯೇ ಓದಿನ ದಾರಿ. ವೇದಾಂತದೇಶಿಕರ ಸಂಸ್ಕೃತ ಸ್ತೋತ್ರ ‘ಪಾದುಕಾಸಹಸ್ರ’ದ ಚಿತ್ರಪದ್ಧತಿಯಲ್ಲಿ ಇದಕ್ಕೆ ಪ್ರಸಿದ್ಧ ನಿದರ್ಶನವಿದೆ. ಶ್ಲೋಕದ 32 ಅಕ್ಷರಗಳನ್ನು ಸಾಲಿಗೆ ಎಂಟರಂತೆ ನಾಲ್ಕು ಸಾಲುಗಳ ಮನೆಗಳಲ್ಲಿ ಬರೆದು, ಕುದುರೆಯ ನಡೆಯಲ್ಲಿ ಓದುತ್ತ ಹೋದರೆ ಅದೇ ಅಕ್ಷರಗಳಿಂದ ಮತ್ತೊಂದು ಶ್ಲೋಕ ಹೊರಡುತ್ತದೆ.

ಇಂತಹ ರಚನೆಗಳನ್ನು ಎಲ್ಲರೂ ಮೆಚ್ಚಲಿಲ್ಲ. ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನಿಯಿಲ್ಲದ ರಚನೆಯನ್ನು ‘ಚಿತ್ರ’ವೆಂದು ಕರೆದು, ಅದು ಕಾವ್ಯವಲ್ಲ, ಕಾವ್ಯದ ಅನುಕರಣೆ ಮಾತ್ರ ಎಂದನು. ಅವನ ತರುವಾಯ ಬಂದ ಮಮ್ಮಟನು ಅದಕ್ಕೆ ಮೂರನೆಯ, ಎಂದರೆ ಕೊನೆಯ ದರ್ಜೆಯನ್ನು ಕೊಟ್ಟನು. ಈ ಆಕ್ಷೇಪಣೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಬೆರಗು ಬೇರೆ, ರಸ ಬೇರೆ. ಹಗ್ಗದ ಮೇಲೆ ನಡೆಯುವವನನ್ನು ಕಂಡು ಚಪ್ಪಾಳೆ ತಟ್ಟಿದವನು ಮನೆಗೆ ಬಂದು ಅವನ ನಡಿಗೆಯನ್ನು ನೆನೆದು ಕಣ್ಣೀರು ಸುರಿಸುವುದಿಲ್ಲ. ಹಳೆಯ ಬಂಧಗಳಲ್ಲಿ ಅನೇಕವು ಈ ಬಗೆಯ ಚಪ್ಪಾಳೆಯಲ್ಲೇ ಮುಗಿದುಹೋದವು. ಇಂದಿನ ಪ್ರಯೋಗಗಳಲ್ಲಿಯೂ ಕೆಲವಕ್ಕೆ ಅದೇ ಗತಿಯಾಗುತ್ತಿದೆ.

ಹಾಗಾದರೆ ಸಾರ್ಥಕವಾದ ಬೆಸುಗೆ ಯಾವುದು? ಅದನ್ನು ತಿಳಿಯಲು ಸರಳವಾದ ಒಂದು ಪರೀಕ್ಷೆಯಿದೆ. ಚಿತ್ರವನ್ನು ತೆಗೆದರೆ ಮಾತು ಬಡವಾಗಬೇಕು. ಮಾತನ್ನು ತೆಗೆದರೆ ಚಿತ್ರ ಮೂಕವಾಗಬೇಕು. ಎರಡರಲ್ಲಿ ಒಂದನ್ನು ತೆಗೆದರೂ ಇನ್ನೊಂದಕ್ಕೆ ಏನೂ ಕೊರತೆಯಾಗದಿದ್ದರೆ ಅದು ಬೆಸುಗೆಯಲ್ಲ, ಬರಿಯ ನೆರೆಹೊರೆ.

ಈ ಪರೀಕ್ಷೆಗೆ ನಿಲ್ಲುವ ಕೃತಿಯೊಂದು ಹುಣಸೂರು ಸೀಮೆಗೆ ಹತ್ತಿರದ ಮೈಸೂರಿನಲ್ಲಿಯೇ ಹುಟ್ಟಿತು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸಿದ್ಧಗೊಳಿಸಿದ ‘ಶ್ರೀತತ್ತ್ವನಿಧಿ’ ಒಂಬತ್ತು ನಿಧಿಗಳಾಗಿ ವಿಂಗಡಿಸಲ್ಪಟ್ಟ ಸಚಿತ್ರ ಗ್ರಂಥ. ದೇವತೆಗಳ ಧ್ಯಾನಶ್ಲೋಕಗಳನ್ನು ಅಲ್ಲಿ ಕನ್ನಡ ಲಿಪಿಯಲ್ಲಿ ಬರೆದು, ಅವಕ್ಕೆ ತಕ್ಕ ಚಿತ್ರಗಳನ್ನು ರಚಿಸಲಾಗಿದೆ. ದೇವತೆಯ ಮೈಬಣ್ಣ ಯಾವುದು, ತೋಳುಗಳೆಷ್ಟು, ಯಾವ ಕೈಯಲ್ಲಿ ಯಾವ ಆಯುಧ, ವಾಹನ ಯಾವುದು ಎಂಬುದನ್ನು ಶ್ಲೋಕ ಹೇಳುತ್ತದೆ. ಚಿತ್ರಕಾರನ ಕುಂಚ ಅದನ್ನು ಪಾಲಿಸುತ್ತದೆ. ಶ್ಲೋಕವಿಲ್ಲದಿದ್ದರೆ ನೋಡುವವನಿಗೆ ಚಿತ್ರದ ಗುರುತು ಸಿಕ್ಕುವುದಿಲ್ಲ. ಚಿತ್ರವಿಲ್ಲದಿದ್ದರೆ ಧ್ಯಾನಕ್ಕೆ ರೂಪ ದೊರೆಯುವುದಿಲ್ಲ.

ಅರಮನೆಯಲ್ಲಿ ನಡೆದುದು ಹಳ್ಳಿಯಲ್ಲಿಯೂ ಬೇರೆ ರೀತಿಯಲ್ಲಿ ನಡೆದಿದೆ. ಕಿಳ್ಳೇಕ್ಯಾತರ ತೊಗಲುಬೊಂಬೆಯಾಟದಲ್ಲಿ ಕೆಲವೊಮ್ಮೆ ಒಂದೇ ತೊಗಲಿನ ಮೇಲೆ ಇಡೀ ಪ್ರಸಂಗವೇ ಚಿತ್ರಿತವಾಗಿರುತ್ತದೆ. ಬಿಳಿಯ ಪರದೆಯ ಹಿಂದೆ ದೀಪವನ್ನು ಹಚ್ಚಿ, ಹಾಡಿಕೊಂಡು ಮಾತಾಡಿಕೊಂಡು ಬೊಂಬೆಯನ್ನು ಆಡಿಸಿದಾಗ ಆ ತೊಗಲಿಗೆ ಜೀವ ಬರುತ್ತದೆ. ಹಾಡು ನಿಂತರೆ ಅದು ಬಣ್ಣದ ತೊಗಲು. ಬೊಂಬೆ ಇಲ್ಲದಿದ್ದರೆ ಅದು ಕತ್ತಲೆಯಲ್ಲಿ ಕೇಳುವ ದನಿ. ಈ ಕಲಾವಿದರು ಬೆಸುಗೆಯ ತತ್ತ್ವವನ್ನು ಕುರಿತು ಉಪನ್ಯಾಸ ಮಾಡಲಿಲ್ಲ, ಬೆಸುಗೆಯನ್ನೇ ಮಾಡಿ ತೋರಿಸಿದರು.

ಈ ಕಾಲದಲ್ಲಿ ಸಾರ್ವಜನಿಕ ವೇದಿಕೆಯ ಮೇಲೆ ಹೀಗೆಯೇ ಮಾಡಿ ತೋರಿಸಿದವರು ಶತಾವಧಾನಿ ರಾ. ಗಣೇಶ್ ಮತ್ತು ಚಿತ್ರಕಲಾವಿದ ಬಿ. ಕೆ. ಎಸ್. ವರ್ಮ (1949–2023). ಗಣೇಶರು ತಮ್ಮ ಅವಧಾನಗಳಲ್ಲಿ ಚಿತ್ರಕವಿತೆಗೂ ಸ್ಥಾನವನ್ನು ಕಲ್ಪಿಸಿದರು. ‘ಕಾವ್ಯಚಿತ್ರ’ವೆಂಬ ಕಾರ್ಯಕ್ರಮಗಳಲ್ಲಿ ಗಣೇಶರ ಆಶುಕವಿತೆಯೂ ವರ್ಮರ ಕುಂಚವೂ ಸಭೆಯ ಕಣ್ಣೆದುರಿಗೇ ಜೊತೆಗೂಡಿದವು. ಇದು ಕ್ಷಣಿಕವಾದ ಚಮತ್ಕಾರ, ಸಭೆ ಚದುರಿದ ಮೇಲೆ ಉಳಿಯುವುದೇನು ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಮುಗಿದ ಕೃತಿಯನ್ನು ನೋಡುವುದಕ್ಕೂ ಕೃತಿ ಹುಟ್ಟುವುದನ್ನು ನೋಡುವುದಕ್ಕೂ ಅಂತರವಿದೆ. ಕವಿ ಒಂದು ಪದಕ್ಕಾಗಿ ಅರೆಗಳಿಗೆ ತಡೆಯುವುದನ್ನೂ ಕುಂಚ ಒಂದು ಗೆರೆಗಾಗಿ ಕಾಯುವುದನ್ನೂ ಕಂಡ ಪ್ರೇಕ್ಷಕನಿಗೆ, ಕಲೆಯೆಂಬುದು ಆಕಾಶದಿಂದ ಇಳಿದ ವರವಲ್ಲ, ಮನುಷ್ಯರು ಮಾಡುವ ಕೆಲಸ ಎಂಬ ಅರಿವು ಮೂಡುತ್ತದೆ. ಆ ಅರಿವು ಸಭೆ ಚದುರಿದ ಮೇಲೂ ಉಳಿಯುತ್ತದೆ.

ಆದುದರಿಂದ ಈ ವಿಷಯವನ್ನು ಕುರಿತ ಉಪನ್ಯಾಸವು ಪಟ್ಟಣದ ಸಭಾಂಗಣದಲ್ಲಿ ಮಾತ್ರ ನಡೆಯಬೇಕಾದುದಲ್ಲ. ವೀರನಹೊಸಹಳ್ಳಿಯಂತಹ ಊರುಗಳ ಶಾಲೆಯ ಅಂಗಳದಲ್ಲಿಯೂ ನಡೆಯಬೇಕು. ಅಲ್ಲಿ ಉಪನ್ಯಾಸಕಾರನು ದೊಡ್ಡ ಹೆಸರುಗಳನ್ನು ಹೇಳಿ ಹೊರಟುಹೋಗಬಾರದು. ಕಪ್ಪುಹಲಗೆಯ ಮೇಲೆ ನಾಲ್ಕು ಎಸಳಿನ ಹೂವೊಂದನ್ನು ಬರೆದು, ನಡುವೆ ‘ರ’ ಎಂದು ಬರೆಯಲಿ. ಎಸಳುಗಳಲ್ಲಿ ಸ, ವ, ತ, ದ ಎಂದು ತುಂಬಲಿ. ಹೊರಗಿನಿಂದ ಒಳಗೆ ಓದಿದರೆ ಸರ, ವರ, ತರ, ದರ. ಒಳಗಿನಿಂದ ಹೊರಗೆ ಓದಿದರೆ ರಸ, ರವ, ರತ, ರದ. ಇದನ್ನು ಕಂಡ ಮಕ್ಕಳು ತಮ್ಮದೇ ಆದ ಹೂಗಳನ್ನು ಬರೆಯಲು ತೊಡಗದಿರುವುದಿಲ್ಲ. ಇದು ಇನ್ನೂ ಕವಿತೆಯಲ್ಲ, ಆಟ. ಆದರೆ ಆಟವನ್ನು ಆಡಿದ ಮಗು “ಈ ಹೂವಿನಲ್ಲಿ ಏನನ್ನು ಹೇಳಲಿ?” ಎಂದು ಕೇಳಿದ ಗಳಿಗೆಯಲ್ಲಿ ಆಟ ಮುಗಿದು ಕವಿತೆ ಮೊದಲಾಗುತ್ತದೆ. ಆನಂದವರ್ಧನನ ಆಕ್ಷೇಪಣೆಗೆ ಸರಿಯಾದ ಉತ್ತರವೂ ಆ ಪ್ರಶ್ನೆಯಲ್ಲಿಯೇ ಇದೆ.

ಪ್ರಯೋಗವೆಂಬುದು ಓದುಗನನ್ನು ಹೊರಗೆ ನಿಲ್ಲಿಸುವ ಗೋಡೆಯಾದರೆ ಅದರಿಂದ ಸಾಹಿತ್ಯಕ್ಕೂ ಲಾಭವಿಲ್ಲ, ಚಿತ್ರಕಲೆಗೂ ಲಾಭವಿಲ್ಲ. ತನ್ನ ಮನೆಯಂಗಳದಲ್ಲಿ ದಿನವೂ ಚುಕ್ಕಿಗಳನ್ನಿಟ್ಟು ಎಳೆ ತಪ್ಪದಂತೆ ರಂಗೋಲಿ ಹಾಕುವ ಹುಡುಗಿಗೆ ನಾಗಬಂಧದ ಗೆರೆಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆ ಗೆರೆಯಲ್ಲಿ ಅಕ್ಷರವೂ ಕುಳಿತುಕೊಳ್ಳಬಲ್ಲದು, ತನ್ನ ಮನಸ್ಸಿನ ಮಾತೂ ಹರಿಯಬಲ್ಲದು ಎಂಬುದನ್ನು ಆಕೆಗೆ ತಿಳಿಸಿದರೆ ಸಾಕು. ಕಾಡಿನ ಹೊಳೆಯೊಂದನ್ನು ಕಂಡು ಅದಕ್ಕೆ ಚಿತ್ರದಂತಹ ಹೆಸರಿಟ್ಟ ಸೀಮೆಯಲ್ಲಿ ಆ ಮಾತು ಅಪರಿಚಿತವೆನಿಸಲಾರದು.